ಎದೆಯ ಮೇಲಿನ ಮೊಡವೆ: ಕಾರಣ ಮತ್ತು ಉಪಚಾರ

ಮುಖದ ಮೊಡವೆಗೆ ಔಷಧ ಕೇಳಲು ಯಾರಿಗೂ ಸಂಕೋಚವಿಲ್ಲ. ಎದೆಯ ಮೇಲಿನದನ್ನು ಮಾತ್ರ ವರ್ಷಗಟ್ಟಲೆ ಬಟ್ಟೆಯ ಮರೆಯಲ್ಲಿಟ್ಟುಕೊಂಡು, ಕಲೆಗಳು ಗಂಟುಗಟ್ಟಿದ ಮೇಲೆ ಬರುವವರೇ ಹೆಚ್ಚು. ಗಂಗಾವತಿಯ ಬೇಸಿಗೆಯಲ್ಲಿ, ಅದರಲ್ಲೂ ಅಕ್ಕಿ ಗಿರಣಿಗಳ ತೌಡಿನ ಧೂಳು ಮತ್ತು ಬೆವರಿನ ನಡುವೆ ದುಡಿಯುವ ತರುಣರಲ್ಲಿ ಈ ತೊಂದರೆಯನ್ನು ಪದೇ ಪದೇ ಕಾಣುತ್ತೇವೆ.

ಸುಶ್ರುತಾಚಾರ್ಯರು ಮೊಡವೆಯನ್ನು ಕ್ಷುದ್ರರೋಗಗಳಲ್ಲಿ ಸೇರಿಸಿ, ಕಫ, ವಾತ ಮತ್ತು ರಕ್ತದ ದುಷ್ಟಿಯನ್ನು ಅದಕ್ಕೆ ಕಾರಣವೆಂದಿದ್ದಾರೆ. ಮುಖದಂತೆಯೇ ಎದೆ ಮತ್ತು ಬೆನ್ನಿನಲ್ಲಿಯೂ ಜಿಡ್ಡಿನ ಗ್ರಂಥಿಗಳು ದಟ್ಟವಾಗಿವೆ. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಜಿಡ್ಡು ಹೆಚ್ಚುತ್ತದೆ. ಸತ್ತ ಚರ್ಮಕಣಗಳೊಡನೆ ಸೇರಿ ರೋಮಕೂಪದ ಬಾಯಿ ಮುಚ್ಚುತ್ತದೆ. ಒಳಗೆ ಸೂಕ್ಷ್ಮಾಣುಗಳು ಬೆಳೆದು ಕೀವು, ಉರಿ ಉಂಟಾಗುತ್ತವೆ. ಇದರ ಮೇಲೆ ಬಿಗಿಯಾದ ಬಟ್ಟೆಯ ತಿಕ್ಕಾಟವೂ ಬೆವರೂ ಸೇರಿದರೆ ಬೇನೆ ಉಲ್ಬಣಿಸುತ್ತದೆ.

'ಹಾಗಾದರೆ ಇಷ್ಟಲಿಂಗವನ್ನು ತೆಗೆದಿಡಬೇಕೇ?' ಎಂದು ಭಕ್ತರು ಅಳುಕುತ್ತಲೇ ಕೇಳುತ್ತಾರೆ. ಅಗತ್ಯವಿಲ್ಲ. ಬೆವರಿನಿಂದ ನೆನೆದ ಶಿವದಾರ ಮತ್ತು ವಸ್ತ್ರಗಳೇ ಚರ್ಮವನ್ನು ಕೆಣಕುವುದರಿಂದ ಅವುಗಳನ್ನು ಆಗಾಗ ತೊಳೆದು, ಬಿಸಿಲಿನಲ್ಲಿ ಒಣಗಿಸಿ ಬದಲಾಯಿಸುತ್ತಿರಬೇಕು. ಕರಡಿಗೆ ತಾಗುವ ಜಾಗದಲ್ಲಷ್ಟೇ ತುರಿಕೆಯೊಡನೆ ಚರ್ಮ ಕಪ್ಪಾಗಿದ್ದರೆ ಅದು ಮೊಡವೆಯಲ್ಲದೆ, ಮಿಶ್ರಲೋಹದ ನಿಕ್ಕಲ್ ಒಗ್ಗದಿರುವುದರ ಲಕ್ಷಣವಿರಬಹುದು. ಆಗ ಲಿಂಗವನ್ನು ಹತ್ತಿಯ ವಸ್ತ್ರದಲ್ಲಿ ಧರಿಸಿ ನೋಡಬಹುದು. ಹುಣ್ಣಾದ ಮೊಡವೆಯ ಮೇಲೆ ವಿಭೂತಿಯನ್ನು ತಿಕ್ಕದೆ ಪಕ್ಕದಲ್ಲಿ ಧರಿಸಿದರಾಯಿತು.

ಎದೆಯಲ್ಲಿ ಏಳುವ ಗುಳ್ಳೆಗಳೆಲ್ಲ ಮೊಡವೆಗಳಲ್ಲ. ಒಂದೇ ಗಾತ್ರದ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು ವಿಪರೀತ ತುರಿಸುತ್ತಿದ್ದರೆ ರೋಮಕೂಪಗಳಿಗೆ ಶಿಲೀಂಧ್ರದ ಸೋಂಕು ತಗುಲಿರುವ ಸಂಭವ ಹೆಚ್ಚು. ಇದಕ್ಕೆ ಆಂಟಿಬಯೋಟಿಕ್ ಮಾತ್ರೆ ನುಂಗಿದರೆ ಕಡಿಮೆಯಾಗುವ ಬದಲು ಹೆಚ್ಚಬಹುದು.

ಅತಿ ಹೆಚ್ಚು ಹಾನಿಯಾಗುತ್ತಿರುವುದು ಔಷಧಿ ಅಂಗಡಿಯಿಂದ ತಾವೇ ತಂದು ಹಚ್ಚುವ ಸ್ಟೀರಾಯ್ಡ್ ಮುಲಾಮುಗಳಿಂದ. ನಾಲ್ಕು ದಿನ ಕೆಂಪು ಇಳಿಯುತ್ತದೆ. ಮುಂದುವರಿಸಿದರೆ ಚರ್ಮ ತೆಳುವಾಗಿ, ಆ ಮುಲಾಮಿನಿಂದಲೇ ಹೊಸ ಮೊಡವೆಗಳು ಏಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಆದರೂ ಕೇಳಿದವರಿಗೆಲ್ಲ ದೊರೆಯುತ್ತಿರುವುದು ವಿಷಾದದ ಸಂಗತಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದೂ ಬೇಡ, ಚರ್ಮ ಸುಟ್ಟು ಕಪ್ಪಾಗುತ್ತದೆ.

ಹಿಸುಕುವುದಂತೂ ಸರ್ವಥಾ ಸಲ್ಲದು. ಎದೆಯ ನಡುಭಾಗದ ಚರ್ಮಕ್ಕೆ ಗಾಯ ಮಾಯುವಾಗ ಕೀಲಾಯ್ಡ್ ಎಂಬ ಉಬ್ಬುಗಂಟು ಕಟ್ಟುವ ಸ್ವಭಾವವಿದೆ. ಅದು ಮೂಲ ಗಾಯಕ್ಕಿಂತ ಅಗಲವಾಗಿ ಬೆಳೆಯುತ್ತದೆ, ಕತ್ತರಿಸಿದರೂ ಮರುಕಳಿಸಬಹುದು.

ಬೆವರಿದ ಬಳಿಕ ಬೇಗನೆ ಸ್ನಾನ, ಸಡಿಲವಾದ ಹತ್ತಿಯ ಬಟ್ಟೆ, ಎದೆಗೆ ಕೊಬ್ಬರಿ ಎಣ್ಣೆಯ ವರ್ಜನೆ: ಇಷ್ಟರಿಂದಲೇ ಅನೇಕರಿಗೆ ಅರ್ಧ ಗುಣ ಕಾಣುತ್ತದೆ. ಲೋಧ್ರ, ಕೊತ್ತಂಬರಿ ಬೀಜ ಮತ್ತು ಬಜೆಯನ್ನು ಸಮಭಾಗ ನುಣ್ಣಗೆ ಅರೆದ ಲೇಪವು ಶಾಸ್ತ್ರೋಕ್ತ. ಮೊದಲು ಮೊಣಕೈ ಒಳಭಾಗದಲ್ಲಿ ಹಚ್ಚಿ, ಉರಿಯದಿದ್ದರೆ ಎದೆಗೆ ಹಚ್ಚಿ, ಪೂರ್ತಿ ಒಣಗುವ ಮುನ್ನ ತೊಳೆಯಬೇಕು. ಖದಿರಾರಿಷ್ಟ, ಮಂಜಿಷ್ಠಾದಿ ಕಷಾಯ, ವಿರೇಚನ ಇತ್ಯಾದಿಗಳನ್ನು ವೈದ್ಯರು ಪ್ರಕೃತಿ ನೋಡಿಯೇ ನಿರ್ಧರಿಸಬೇಕು. ಗಂಧಕ, ಪಾದರಸ ಬೆರೆತ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ಸೇವಿಸಬಾರದು.

ಆಹಾರದಲ್ಲಿ ಸಿಹಿ, ಮೈದಾ, ಪಾಲಿಶ್ ಅಕ್ಕಿಯ ಅತಿಯಾದ ಬಳಕೆ ಮೊಡವೆಗೆ ಪೋಷಕ. ಸೋನಾಮಸೂರಿಯ ಸೀಮೆಯಲ್ಲಿ ಈ ಮಾತು ರುಚಿಸದು; ಒಂದು ಹೊತ್ತಾದರೂ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ ಇರಲಿ. ಸಂಜೆಯ ಮಿರ್ಚಿ-ಮಂಡಕ್ಕಿ ನಿತ್ಯದ ರೂಢಿಯಾಗಬಾರದು. ವ್ಯಾಯಾಮಶಾಲೆಯ ತರುಣರು ಹಾಲಿನ ಪ್ರೋಟೀನ್ ಪುಡಿಯನ್ನು ಕೆಲಕಾಲ ನಿಲ್ಲಿಸಿ ನೋಡಬೇಕು.

ಎರಡು ತಿಂಗಳಾದರೂ ಇಳಿಯದಿದ್ದರೆ, ಗಂಟುಗಳು ಕಟ್ಟಿದರೆ, ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗಿ ಮುಖದಲ್ಲಿ ಕೂದಲು ಬೆಳೆದರೆ ಚರ್ಮರೋಗ ತಜ್ಞರನ್ನು ಕಾಣಲೇಬೇಕು. ಅವರು ಐಸೊಟ್ರೆಟಿನಾಯಿನ್ ಮಾತ್ರೆ ಕೊಟ್ಟಲ್ಲಿ, ಆ ಅವಧಿಯಲ್ಲಿ ಗರ್ಭ ನಿಲ್ಲಕೂಡದು. ಶಿಶುವಿಗೆ ಗಂಭೀರ ಅಂಗದೋಷವಾಗುತ್ತದೆ. ಬೆಂಜಾಯ್ಲ್ ಪೆರಾಕ್ಸೈಡ್ ಹಚ್ಚಲು ಹೇಳಿದ್ದರೆ ಅದು ಪೂರ್ತಿ ಆರಿದ ಮೇಲೆಯೇ ಬಣ್ಣದ ರೇಷ್ಮೆ ವಸ್ತ್ರವನ್ನು ಎದೆಗೆ ತಾಗಿಸಿರಿ, ಇಲ್ಲವಾದರೆ ವಸ್ತ್ರದ ಬಣ್ಣ ಬಿಳಿಚಿಹೋಗುತ್ತದೆ.