ಬಾಲ್ಯವಿವಾಹ: ಕಾಯಿದೆಯೊಂದೇ ಸಾಲದು

ಬಾಲ್ಯವಿವಾಹವನ್ನು ತಡೆಯುವ ಕಾಯಿದೆ ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನವು 1894ರಲ್ಲಿಯೇ ಎಂಟು ವರ್ಷ ತುಂಬದ ಬಾಲಕಿಯರ ವಿವಾಹವನ್ನು ನಿಷೇಧಿಸಿತ್ತು. ಬ್ರಿಟಿಷ್ ಭಾರತದಲ್ಲಿ 1929ರ ಶಾರದಾ ಕಾಯಿದೆಯು ಹೆಣ್ಣಿಗೆ 14, ಗಂಡಿಗೆ 18 ವರ್ಷಗಳ ಮಿತಿಯನ್ನು ವಿಧಿಸಿತು. ಆದರೂ ಈ ಪಿಡುಗು ನಿಲ್ಲಲಿಲ್ಲವೇಕೆ?

ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದವರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಪಕ್ಷೇತರ ಸದಸ್ಯೆ ಎಲೀನರ್ ರಾತ್‌ಬೋನ್ (1872-1946) ಒಬ್ಬರು. ಮಕ್ಕಳ ಪೋಷಣೆಯ ಭತ್ಯೆ ತಾಯಿಯ ಕೈಗೇ ಸಲ್ಲಬೇಕೆಂದು ತಮ್ಮ ದೇಶದಲ್ಲಿ ದಶಕಗಳ ಕಾಲ ಹೋರಾಡಿದ ಈಕೆ, 1932ರಲ್ಲಿ ಭಾರತದಲ್ಲಿ ಪ್ರವಾಸ ಮಾಡಿ, 1934ರಲ್ಲಿ ಬಾಲ್ಯವಿವಾಹವನ್ನು ಕುರಿತು ಗ್ರಂಥವನ್ನೇ ರಚಿಸಿದರು.

ಕಾಯಿದೆ ಅಂಗೀಕಾರವಾಗಿ ಅದು ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ನಡುವಿನ ತಿಂಗಳುಗಳಲ್ಲಿ ಅನೇಕರು ಅವಸರದಿಂದ ಮಕ್ಕಳ ಮದುವೆ ಮುಗಿಸಿದರು. 1931ರ ಜನಗಣತಿಯ ವೇಳೆಗೆ 15 ವರ್ಷದೊಳಗಿನ ವಿವಾಹಿತ ಬಾಲಕಿಯರ ಸಂಖ್ಯೆ ಹತ್ತು ವರ್ಷಗಳಲ್ಲಿ ಸುಮಾರು 85 ಲಕ್ಷದಿಂದ 1 ಕೋಟಿ 20 ಲಕ್ಷಕ್ಕೂ ಮೇಲೇರಿತ್ತು. ಕಾಯಿದೆಯಲ್ಲೂ ದೋಷಗಳಿದ್ದವು. ಪೊಲೀಸರು ತಾವಾಗಿ ಕ್ರಮ ಕೈಗೊಳ್ಳುವಂತಿರಲಿಲ್ಲ. ದೂರುದಾರನಿಂದ ನೂರು ರೂಪಾಯಿಗಳವರೆಗೆ ಮುಚ್ಚಳಿಕೆ ಬರೆಸಿಕೊಳ್ಳಲಾಗುತ್ತಿತ್ತು. ಊರಿನಲ್ಲಿ ನೆರೆಯವರ ಮೇಲೆ ಇಂತಹ ದೂರು ಕೊಡುವವರಾರು?

ರಾತ್‌ಬೋನ್ ಅವರ ಕಾಳಜಿಯನ್ನು ನಮ್ಮ ಮಹಿಳೆಯರೆಲ್ಲರೂ ಒಪ್ಪಿಕೊಳ್ಳಲಿಲ್ಲ. ಭಾರತದ ಸ್ತ್ರೀಯರ ಸ್ಥಿತಿಗತಿಯನ್ನು ಕುರಿತು ಅವರು 1929ರಲ್ಲಿ ಲಂಡನ್ನಿನಲ್ಲಿ ಏರ್ಪಡಿಸಿದ್ದ ಸಮ್ಮೇಳನದಲ್ಲಿ, ಹುಬ್ಬಳ್ಳಿಯಲ್ಲಿ ಜನಿಸಿದ ಧನವಂತಿ ರಾಮ ರಾವ್ ಎದ್ದುನಿಂತು, ನಮ್ಮ ಸಮಾಜದ ಸುಧಾರಣೆ ನಮ್ಮದೇ ಹೊಣೆ ಎಂಬ ನಿಲುವಿನಿಂದ ಪ್ರತಿಭಟಿಸಿದರು. ಆ ಹೊಣೆಯನ್ನು ಅವರು ನಿರ್ವಹಿಸಿಯೂ ತೋರಿಸಿದರು: 1949ರಲ್ಲಿ ಭಾರತ ಕುಟುಂಬ ಯೋಜನಾ ಸಂಘದ ಸ್ಥಾಪನೆಗೆ ಕಾರಣರಾದರು.

ವೈದ್ಯನಾಗಿ ನಾನು ಹೇಳಬೇಕಾದ ಮಾತು ಸರಳವಾದುದು. ಎಳೆಯ ವಯಸ್ಸಿನಲ್ಲಿ ಕಿಬ್ಬೊಟ್ಟೆಯ ಮೂಳೆಗೂಡು ಪೂರ್ಣ ಬೆಳೆದಿರುವುದಿಲ್ಲ, ಹೆರಿಗೆಗೆ ತಡೆಯುಂಟಾಗಬಹುದು. ಹುಡುಗಿಯ ಬೆಳವಣಿಗೆಗೂ ಗರ್ಭದ ಶಿಶುವಿಗೂ ಒಂದೇ ಆಹಾರ ಹಂಚಿಹೋಗುವುದರಿಂದ ರಕ್ತಹೀನತೆ ಹೆಚ್ಚುತ್ತದೆ. ರಕ್ತದೊತ್ತಡ ಏರಿ ಸೆಳೆತ ಬರುವ ಅಪಾಯವುಂಟು. ಹುಟ್ಟುವ ಮಗುವಿನ ತೂಕವೂ ಕಡಿಮೆಯಾಗುವ ಸಂಭವವಿದೆ.

ಇಂದು 2006ರ ಕಾಯಿದೆಯಂತೆ ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬಿರಬೇಕು. ಪೊಲೀಸರು ವಾರಂಟಿಲ್ಲದೆಯೇ ಕ್ರಮ ಕೈಗೊಳ್ಳಬಹುದು. ಯಾರು ಬೇಕಾದರೂ ದೂರು ನೀಡಬಹುದು. ಹಿಂದಿನ ದೋಷಗಳನ್ನು ಕಾಯಿದೆ ತಿದ್ದಿಕೊಂಡಿದೆ. ಉಳಿದಿರುವುದು ನಮ್ಮ ಮೌನ ಮಾತ್ರ. ಆದ್ದರಿಂದ ಓದುಗರೇ, ತಮ್ಮ ನೆರೆಯಲ್ಲಿ ಬಾಲಕಿಯೊಬ್ಬಳ ಮದುವೆಗೆ ಚಪ್ಪರ ಏಳುವ ಮುನ್ನವೇ ಹಿರಿಯರಿಗೆ ತಿಳಿಯಹೇಳಿರಿ. ಅವರು ಕೇಳದಿದ್ದಲ್ಲಿ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿರಿ, ಇಲ್ಲವೇ 1098ಕ್ಕೆ ಕರೆ ಮಾಡಿರಿ. ತಾವು ಆಡುವ ಒಂದು ಮಾತು ಒಬ್ಬ ತಾಯಿಯನ್ನೂ ಒಂದು ಮಗುವನ್ನೂ ಉಳಿಸಬಲ್ಲದು.