ಹೆಸರು ಕದ್ದವರು, ಹೆಸರು ಕೊಟ್ಟವರು

ಬೇರೊಬ್ಬನ ಹೆಸರನ್ನೂ ಉಡುಪನ್ನೂ ಹಸ್ತಾಕ್ಷರವನ್ನೂ ಅಪಹರಿಸಿ, ಆ ಪರಕೀಯ ಬದುಕನ್ನೇ ತನ್ನದಾಗಿಸಿಕೊಂಡು ಬಾಳುವ ವಂಚಕನ ಕಥೆಯನ್ನು ಚಲಚ್ಚಿತ್ರವು ಎಷ್ಟು ಬಾರಿ ಹೇಳಿದರೂ ನೋಡುವವರಿಗೆ ಬೇಸರವೆಂಬುದಿಲ್ಲ. ಪೆಟ್ರೀಷಿಯಾ ಹೈಸ್ಮಿತ್ 1955ರಲ್ಲಿ ಪ್ರಕಟಿಸಿದ ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’ ಕಾದಂಬರಿಯನ್ನು 1960ರಲ್ಲಿ ಫ್ರಾನ್ಸಿನ ರೆನೆ ಕ್ಲೆಮಾ, 1999ರಲ್ಲಿ ಆಂಟನಿ ಮಿಂಗೆಲ್ಲಾ ಚಿತ್ರವಾಗಿಸಿದರು. ಧನಿಕನೊಬ್ಬನ ಮಗನನ್ನು ಇಟಲಿಯಿಂದ ಮನೆಗೆ ಕರೆತರಲು ಹೋದ ಬಡ ತರುಣ ರಿಪ್ಲಿ ಆತನನ್ನೇ ಕೊಂದು ಆತನೇ ಆಗಿಬಿಡುತ್ತಾನೆ. ಕಾದಂಬರಿಯಲ್ಲಿ ಅವನು ಯಾರ ಕೈಗೂ ಸಿಕ್ಕುವುದಿಲ್ಲ. ಕ್ಲೆಮಾನ ಚಿತ್ರವಾದರೋ ಕಟ್ಟಕಡೆಯಲ್ಲಿ ಹೆಣವನ್ನು ನೀರಿನಿಂದ ಮೇಲಕ್ಕೆತ್ತಿ ಅಪರಾಧಿಯನ್ನು ಹಿಡಿಸುತ್ತದೆ. ಇದು ಲೇಖಕಿಯ ಧೈರ್ಯಕ್ಕೆ ಸಾಟಿಯಾಗದ ಮುಕ್ತಾಯವೆಂದೇ ನನ್ನ ಎಣಿಕೆ.

ಇಂತಹ ಚಿತ್ರಗಳನ್ನು ಮನೋವೈಜ್ಞಾನಿಕವೆನ್ನುವಾಗ ನಾವು ಸಾಮಾನ್ಯವಾಗಿ ವಂಚಕನ ಮನಸ್ಸನ್ನೇ ನೆನೆಯುತ್ತೇವೆ. ಆದರೆ ವೇಷವೊಂದು ನಿಲ್ಲಬೇಕಾದರೆ ಅದನ್ನು ನಂಬಲು ಕಾತರಿಸುವ ಮನಸ್ಸುಗಳೂ ಎದುರಿಗಿರಬೇಕು. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ, 1997ರಲ್ಲಿ ಟಿ.ಎಸ್. ನಾಗಾಭರಣರು ತೆರೆಗೆ ತಂದ ಅದೇ ಕಥೆಯಲ್ಲಿ, ಹಗಲು ಒರಟನಾದ ಗಂಡನು ಇರುಳು ಅಷ್ಟೊಂದು ಮೃದುವಾದುದು ಹೇಗೆಂದು ಹೆಂಡತಿಯು ಕೆದಕಿ ಕೇಳಳು; ಗಂಡನ ರೂಪ ಧರಿಸಿ ಬಂದ ನಾಗನಿಗೆ ಆಶ್ರಯವಾದದ್ದು ಆ ಕೇಳದಿರುವಿಕೆಯೇ.

ಸಂಸೆ, ಕಳಸ, ಮೂಡಿಗೆರೆಯ ಮಲೆಗಳಲ್ಲಿ, ಒಂದು ಮನೆಗೂ ಮತ್ತೊಂದು ಮನೆಗೂ ನಡುವೆ ತೋಟವೋ ಹಳ್ಳವೋ ಕಾಡೋ ಇರುವ ಈ ಸೀಮೆಯಲ್ಲಿ, ಅಪರಿಚಿತನೊಬ್ಬನು ಅಂಗಳಕ್ಕೆ ಬಂದರೆ ಅವನ ಹೆಸರಿಗಿಂತ ಮೊದಲು ‘ಯಾವೂರಾಯ್ತು, ಯಾರ ಮನೆ ಪೈಕಿ?’ ಎಂದು ವಿಚಾರಿಸುವುದು ವಾಡಿಕೆ. ಗುರುತಿನ ಚೀಟಿಗಳಿಲ್ಲದ ಕಾಲದಲ್ಲಿ ರಾಜ್ಯಗಳೂ ಸಹ ಇದೇ ಪ್ರಶ್ನೆಯ ಮೇಲೆಯೇ ನಿಂತಿದ್ದವು. ಉತ್ತರವನ್ನು ಚೆನ್ನಾಗಿ ಕಲಿತುಬಂದವನಿಗೆ ಸಿಂಹಾಸನವೂ ದೂರವಿರಲಿಲ್ಲ.

ಕೆಳದಿಯ ತರುಣ ಅರಸು ಚನ್ನಬಸಪ್ಪ ನಾಯಕನು 1757ರಲ್ಲಿ ಹತನಾದನೆಂದೂ, ಆ ಕೊಲೆಯಲ್ಲಿ ರಾಣಿ ವೀರಮ್ಮಾಜಿಯ ಕೈವಾಡವಿತ್ತೆಂದೂ ಜನ ಆಡಿಕೊಳ್ಳುತ್ತಿದ್ದರು. 1763ರಲ್ಲಿ ಹೈದರನು ಕೆಳದಿಯವರ ರಾಜಧಾನಿ ಬಿದನೂರಿನ ಮೇಲೆ ದಂಡೆತ್ತಿ ಬರುವಾಗ, ತಾನೇ ಆ ಚನ್ನಬಸಪ್ಪನೆಂದೂ ಸಾವಿನಿಂದ ತಪ್ಪಿಸಿಕೊಂಡು ಅಡಗಿದ್ದೆನೆಂದೂ ಹೇಳಿಕೊಂಡು ಒಬ್ಬನು ಚಿತ್ರದುರ್ಗದಲ್ಲಿ ಆತನೆದುರು ಪ್ರತ್ಯಕ್ಷನಾದನು. ಅವನು ನಿಜವಾದ ಅರಸನೋ ನಟನೋ ಎಂಬುದನ್ನು ಶೋಧಿಸುವ ಅವಶ್ಯಕತೆ ಹೈದರನಿಗೆ ಕಾಣಲಿಲ್ಲ. ಪರರಾಜ್ಯದ ಆಕ್ರಮಣಕ್ಕೆ ‘ನ್ಯಾಯವಾದ ವಾರಸುದಾರನ ಪುನಃಸ್ಥಾಪನೆ’ ಎಂಬ ಹೆಸರು ದೊರೆತುದೇ ಅವನಿಗೆ ಲಾಭ. ಸೈನಿಕರಾದರೋ ಅಷ್ಟು ವಿನಯವಂತರಲ್ಲ: ಅದೃಶ್ಯಲೋಕದಿಂದ ಮರಳಿ ಬಂದವನೆಂಬ ಅಣಕದಲ್ಲಿ ಅವನನ್ನು ಗೈಬು ರಾಜನೆಂದು ಕರೆದರೆಂದು ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ಬರೆದಿದ್ದಾನೆ. ರಾಣಿಯು ಓಡಿಬಂದು ಅಡಗಿದ್ದು ನಮ್ಮ ಬಲ್ಲಾಳರಾಯನದುರ್ಗದಲ್ಲಿ. ಕಳಸದಿಂದ ಆಗ್ನೇಯಕ್ಕಿರುವ, ಈಗ ಚಾರಣಿಗರು ಏರುವ ಆ ಬೆಟ್ಟದಲ್ಲಿಯೇ ಅವಳು ಸೆರೆಸಿಕ್ಕಿದಳು. ಅವಳನ್ನು ಮಧುಗಿರಿಯ ದುರ್ಗಕ್ಕೆ ಕಳುಹಿಸಿದ ಹೈದರನು, ಕೆಲಸ ಮುಗಿದ ಮೇಲೆ, ಆ ಮರುಜನ್ಮದ ಅರಸನನ್ನೂ ಅಲ್ಲಿಗೇ ಕಳುಹಿಸಿದನು. ವಂಚಿಸಲು ಬಂದವನನ್ನು ವಂಚಿಸಿದ ಈ ಪ್ರಸಂಗವನ್ನು ಚಿತ್ರಕಥೆಗಾರನೊಬ್ಬನು ಕಲ್ಪಿಸಿ ಬರೆದಿದ್ದರೆ ನಾವು ಅತಿಯಾಯಿತೆನ್ನುತ್ತಿದ್ದೆವು.

ಅರಸುಮನೆತನ ಅಳಿದರೂ ಅದರ ಹೆಸರಿಗೆ ಬೆಲೆ ಉಳಿದಿತ್ತು. ಬಿದನೂರಿಗೇ ನಗರವೆಂಬ ಹೆಸರಾಗಿದ್ದ ಕಾಲದಲ್ಲಿ, 1830ರ ನಗರದ ದಂಗೆಯಲ್ಲಿ, ಬೂದಿ ಬಸವಪ್ಪನೆಂಬ ಸದರಮಲ್ಲನು ಆ ಮನೆತನದ ವಾರಸುದಾರನೆಂದು ಹೊರಟನು. ಮೂರನೆಯ ಕೃಷ್ಣರಾಜ ಒಡೆಯರ ಆಡಳಿತದಲ್ಲಿ ಕಂದಾಯದ ಭಾರದಿಂದಲೂ ಅಮಲ್ದಾರರ ಸುಲಿಗೆಯಿಂದಲೂ ನೊಂದ ರೈತರಿಗೆ ಅವನ ವಂಶವೃಕ್ಷಕ್ಕಿಂತ ತಮ್ಮ ದೂರಿಗೆ ಒಬ್ಬ ಅರಸು ಬೇಕಾಗಿದ್ದನು. ಆ ಗಲಭೆಯ ಬೆನ್ನಿಗೇ, 1831ರಲ್ಲಿ, ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆತ್ತಿಕೊಂಡರು.

ಇವೆಲ್ಲಕ್ಕಿಂತ ವಿಚಿತ್ರವಾದುದು ಘಟ್ಟದ ಕೆಳಗೆ ನಡೆದ ಕಥೆ. 1834ರಲ್ಲಿ ಕೊಡಗಿನ ಅರಸು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಮೇಲೆ ಅರಸುಮನೆತನದ ಹಕ್ಕುದಾರನೆಂದು ಕಲ್ಯಾಣಸ್ವಾಮಿಯೆಂಬ ಜಂಗಮನು ಕಾಣಿಸಿಕೊಂಡು ಬ್ರಿಟಿಷರ ಸೆರೆಗೆ ಸಿಕ್ಕಿದನು. ಆಗ ಶನಿವಾರಸಂತೆಯ ಕಡೆಯ ರೈತ ಪುಟ್ಟಬಸಪ್ಪನಿಗೆ ಅದೇ ಹೆಸರನ್ನು ತೊಡಿಸಿ, ಸುಳ್ಯದ ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರು ದಂಡನ್ನು ಕೂಡಿಸಿದರು. ಇಲ್ಲಿ ವೇಷಧಾರಿಯು ಜನರನ್ನು ಮೋಸಗೊಳಿಸಿದನೆನ್ನುವುದು ಅರ್ಧಸತ್ಯ. ಮುಂದಾಳುಗಳಿಗೆ ಅವನಾರೆಂದು ತಿಳಿದಿತ್ತು, ವೇಷವನ್ನು ಕಟ್ಟಿದವರೂ ಅವರೇ. ರಿಪ್ಲಿ ತನಗಾಗಿ ಒಂದು ಹೆಸರನ್ನು ಕದ್ದನು. ಪುಟ್ಟಬಸಪ್ಪನ ಮೇಲೆ ಇತರರು ಒಂದು ಹೆಸರನ್ನು ಹೊರಿಸಿದರು. ಉಪ್ಪಿಗೂ ಹೊಗೆಸೊಪ್ಪಿಗೂ ತೆರಿಗೆ ಮನ್ನಾ ಎಂದು ಸಾರುತ್ತ ನಡೆದ ಆ ದಂಡು 1837ರ ಏಪ್ರಿಲ್ 5ರಂದು ಮಂಗಳೂರನ್ನು ವಶಪಡಿಸಿಕೊಂಡು, ಸುಮಾರು 13 ದಿನ ಕೈಯಲ್ಲಿಟ್ಟುಕೊಂಡಿತು. ಹೊರಗಿನಿಂದ ಸೈನ್ಯ ಬಂದಿಳಿದಾಗ ದಂಡು ಚದುರಿತು.

ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಸುಳ್ಯ, ಪುತ್ತೂರಿನ ಕಡೆ ಹಳಬರು ಆ ದಂಗೆಯನ್ನು ಈಗಲೂ ಕಲ್ಯಾಣಪ್ಪನ ಕಾಟಕಾಯಿ ಎಂದೇ ಕರೆಯುತ್ತಾರೆ.