ದನಿ ಒಡೆದ ಹುಡುಗನಿಗೆ ಆರತಿ ಇಲ್ಲ

ರಾಯಚೂರು ಸೀಮೆಯಲ್ಲಿ ಹುಡುಗಿ ದೊಡ್ಡವಳಾದರೆ ಓಣಿಗೆಲ್ಲ ಗೊತ್ತಾಗುತ್ತದೆ. ಸೀರೆ ಉಡಿಸಿ, ಆರತಿ ಎತ್ತಿ, ಕೊಬ್ಬರಿ-ಬೆಲ್ಲ ತಿನ್ನಿಸುತ್ತಾರೆ. ಹುಡುಗ ದೊಡ್ಡವನಾದರೆ ಅದು ನಗೆಪಾಟಲು. ಮಾನ್ವಿಯ ಯಾವುದೇ ಹೈಸ್ಕೂಲಿನ ಪ್ರಾರ್ಥನೆಯಲ್ಲಿ ನಿಂತು ನೋಡಿ: ನಾಡಗೀತೆಯ ಮೇಲಿನ ಸ್ವರಕ್ಕೆ ಒಬ್ಬನ ದನಿ ಸೀಳುತ್ತದೆ, ಹಿಂದಿನ ಸಾಲು ಕಿಸಕ್ಕೆನ್ನುತ್ತದೆ. ಮನೆಯಲ್ಲಿ ಅವ್ವ ‘ನೆಗಡಿ ಆಗೇತೇನಲೇ?’ ಎಂದು ಕಷಾಯಕ್ಕಿಡುತ್ತಾಳೆ. ಮರುದಿನದಿಂದ ಅವನು ತುಟಿಯನ್ನಷ್ಟೇ ಅಲ್ಲಾಡಿಸುತ್ತಾನೆ.

ದನಿ ಒಡೆಯುವ ಹೊತ್ತಿಗೆ ಒಳಗಿನ ಕೆಲಸ ಶುರುವಾಗಿ ಬಹಳ ದಿನವಾಗಿರುತ್ತದೆ. ಮಿದುಳಿನ ಹೈಪೊಥಲಾಮಸ್ ರಾತ್ರಿ ನಿದ್ದೆಯಲ್ಲಿ ಬಿಟ್ಟು ಬಿಟ್ಟು ಸಂದೇಶ ಕಳಿಸುತ್ತದೆ. ಪಿಟ್ಯುಟರಿ ಗ್ರಂಥಿ ಎಚ್ಚರಗೊಳ್ಳುತ್ತದೆ. ವೃಷಣಗಳು ಟೆಸ್ಟೊಸ್ಟೆರಾನ್ ತಯಾರಿಸತೊಡಗುತ್ತವೆ. 9ರಿಂದ 14 ವರ್ಷದೊಳಗೆ ಇದು ಯಾವಾಗ ಬೇಕಾದರೂ ಆರಂಭವಾದೀತು. ಮೊದಲ ಗುರುತು ಚಿಗುರುಮೀಸೆಯಲ್ಲ, ವೃಷಣ ದೊಡ್ಡದಾಗುವುದು. ಅದು ಅವನಿಗಷ್ಟೇ ಗೊತ್ತು.

ಇನ್ನೊಂದು ಸಂಗತಿ ಇನ್ನೂ ಗುಟ್ಟಿನದು. ಸುಮಾರು ಅರ್ಧದಷ್ಟು ಹುಡುಗರಿಗೆ ಈ ಕಾಲದಲ್ಲಿ ಎದೆಯ ತೊಟ್ಟಿನಡಿ ಸಣ್ಣ ಗಂಟು ಕಟ್ಟುತ್ತದೆ, ಮುಟ್ಟಿದರೆ ನೋವು. ಹಾರ್ಮೋನುಗಳ ತಾತ್ಕಾಲಿಕ ಏರುಪೇರು ಅದು. ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನೇ ಕರಗುತ್ತದೆ. ಕಾಲುವೆಗೆ ಈಜಲು ಹೋದಾಗ ಬನಿಯನ್ ಬಿಚ್ಚದೆ ದಂಡೆಯಲ್ಲೇ ಕೂತವನಿಗೆ ಇದನ್ನು ಹೇಳುವವರು ಯಾರು?

ಶಾಲೆ ಹೇಳಬಹುದಿತ್ತು. 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬೇಡವೆಂದವು. ಬಸ್ ನಿಲ್ದಾಣದ ಗೋಡೆಗಳು ಮಾತ್ರ ಪಾಠ ನಿಲ್ಲಿಸಲಿಲ್ಲ: ‘ಗುಪ್ತರೋಗ’, ‘ನರದೌರ್ಬಲ್ಯ’, ಕೆಳಗೊಂದು ಫೋನ್ ನಂಬರು. ನಿದ್ದೆಯಲ್ಲಿ ವೀರ್ಯ ಹೋಗುವುದು ಈ ವಯಸ್ಸಿನ ಸಹಜ ಕ್ರಿಯೆ. ಅದನ್ನೇ ‘ಧಾತು ನಷ್ಟ’ ಎಂದು ಹೆದರಿ ಸೊರಗುವವರನ್ನು ಕಂಡು ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಆ ಭಯಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಆ ಭಯವನ್ನೇ ಮಾರಿ ಹೊಟ್ಟೆ ಹೊರೆಯುವವರು ಇನ್ನೂ ಇದ್ದಾರೆ.

ಹಾರ್ಮೋನು ಮೈ ಬೆಳೆಸಲು ತಟ್ಟೆಯಲ್ಲೂ ಏನಾದರೂ ಇರಬೇಕಲ್ಲ. ಹುಡುಗರು ಸರ್ರನೆ ಎತ್ತರವಾಗುವುದು 13-14ರಲ್ಲಿ, ಅಂದರೆ ಎಂಟು, ಒಂಬತ್ತನೇ ತರಗತಿಯಲ್ಲಿ. 2021ರ ಡಿಸೆಂಬರಿನಲ್ಲಿ ರಾಯಚೂರು ಸೇರಿ ಏಳು ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಅದು ಎಂಟನೇ ತರಗತಿಗೇ ನಿಂತಿತ್ತು. ಒಂಬತ್ತು, ಹತ್ತನೆಯವರಿಗೆ ಸಿಕ್ಕಿದ್ದು 2023ರಲ್ಲಿ. ದೇವದುರ್ಗದಿಂದ ಅಪ್ಪ-ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋದವನಿಗೆ ಅದೂ ಇಲ್ಲ. ಎಲುಬು ಬೆಳೆಯುವ ವಯಸ್ಸಿನಲ್ಲಿ ಅವನು ಸಿಮೆಂಟ್ ಬುಟ್ಟಿ ಹೊರುತ್ತಾನೆ.

9 ತುಂಬುವ ಮೊದಲೇ ಬದಲಾವಣೆ ಕಂಡರೆ, 14 ದಾಟಿದರೂ ಕಾಣದಿದ್ದರೆ ವೈದ್ಯರ ಬಳಿ ಹೋಗಬೇಕು. ಉಳಿದ ಅನುಮಾನಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ‘ಸ್ನೇಹ ಕ್ಲಿನಿಕ್’ ಇವೆ. ಸಲಹೆಗೆ ಕಾಸು ಬೇಕಿಲ್ಲ. ಅಪ್ಪಂದಿರೇ, ಮುಂದಿನ ಸಲ ಮಗನನ್ನು ಕಟಿಂಗ್ ಅಂಗಡಿಗೆ ಕರೆದೊಯ್ಯುವಾಗ ದಾರಿಯಲ್ಲೇ ಹೇಳಿಬಿಡಿ: ‘ನನಗೂ ಹಿಂಗ ಆಗಿತ್ತೋ ತಮ್ಮಾ.’